ಅಪ್‌ಡೇಟ್: ನಮ್ಮ ಚಿನ್ನಿ ಮತ್ತೆ ಲಿಟರ್ ಬಾಕ್ಸಿಗೆ ಹೋಗ್ತಿದ್ದಾಳೆ

ಮಳೆ ಹಿಡಿದ ಮೇಲೆ ನಮ್ಮ ಬೆಕ್ಕು ಚಿನ್ನಿ ಲಿಟರ್ ಬಾಕ್ಸ್ (ಬೆಕ್ಕಿನ ಕಕ್ಕಸಿಗೆ ಅಂತ ಇಡುವ, ಮರಳಿನಂಥ ಲಿಟರ್ ತುಂಬಿದ ಪೆಟ್ಟಿಗೆ) ಬಿಟ್ಟು ಬಾಗಿಲ ಹತ್ತಿರದ ಗೋಣಿಚೀಲದ ಮೇಲೆ ಉಚ್ಚೆ ಹೊಯ್ಯುತ್ತಾಳೆ ಏನು ಮಾಡಲಿ ಅಂತ ಕಾರವಾರದಿಂದ ಇಲ್ಲಿ ಕೇಳಿದ್ದೆನಲ್ಲ, ಈಗ ಸರಿಹೋಗಿದೆ.

ಮೊದಲು ಡಾಕ್ಟರಿಗೆ ತೋರಿಸಿದೆ. ಉಚ್ಚೆ ಪರೀಕ್ಷೆಯಲ್ಲಿ ಸೋಂಕು, ಹರಳು ಏನೂ ಇರಲಿಲ್ಲ. ವಾಸನೆಗೆ ಹತ್ತಿರ ಬರಲ್ಲ ಅಂತ ಗೋಣಿ ಮೇಲೆ ಕಿತ್ತಳೆ ಸಿಪ್ಪೆ ಇಡುವ ಉಪಾಯ ನಡೆಯಲಿಲ್ಲ. ಗೋಣಿ ಬಿಟ್ಟು ಅಕ್ಕಿ ಡಬ್ಬದ ಹಿಂದೆ ಹೋದಳು, ಅಷ್ಟೇ. ಎರಡನೇ ಬಾಕ್ಸ್ ತಂದಿಟ್ಟರೆ ಅದರೊಳಗೆ ಹಾಯಾಗಿ ಮಲಗಿದಳು!

ಕೆಲಸ ಮಾಡಿದ್ದು, "ಮುಚ್ಚಳ ತೆಗೆಯಿರಿ, ಸೆಂಟ್ ಇಲ್ಲದ ಸಣ್ಣ ಕಾಳಿನ ಲಿಟರ್ ಹಾಕಿ" ಅಂದವರ ಸಲಹೆ. ಜೊತೆಗೆ, ಬೇಸಿಗೆಯಲ್ಲಿ ಅವಳು ಕೆದರುತ್ತಿದ್ದ ತೆಂಗಿನ ಬುಡದ ಮಣ್ಣನ್ನೂ ಒಂದು ಹಿಡಿ ಮೇಲೆ ಉದುರಿಸಿದೆ. ಮೂಸಿದಳು, ಮುಂಗಾಲಲ್ಲಿ ಕೆದರಿದಳು, ಒಂದು ಸುತ್ತು ಹಾಕಿ ಕೂತೇಬಿಟ್ಟಳು. ಈ ಮಳೆಯಲ್ಲಿ ಮಣ್ಣು ಒಣಗಿಸೋದು ಅಂದ್ರೆ ಸುಮ್ನೆ ಅಲ್ಲ. ಬಚ್ಚಲೊಲೆ ಪಕ್ಕ ಹರವಿಟ್ಟಿದ್ದೆ, ಅತ್ತೆ ನಕ್ಕಿದ್ದೇ ನಕ್ಕಿದ್ದು.

ನನಗೆ ಹೊಸದಾಗಿ ಗೊತ್ತಾಗಿದ್ದು ಫಿನಾಯಿಲ್ ವಿಷಯ. ವಾಸನೆಗೆ ಅದನ್ನೇ ಹಾಕಿ ಒರೆಸಿ ಅಂತ ಜಾಸ್ತಿ ಜನ ಹೇಳಿದ್ದರು. ಡಾಕ್ಟರು ಬೇಡವೇ ಬೇಡ ಅಂದರು. ಅದರಲ್ಲಿರುವ ಫಿನಾಲ್‌ನಂಥ ವಸ್ತುಗಳನ್ನು ಬೆಕ್ಕಿನ ಲಿವರ್ ಸರಿಯಾಗಿ ಅರಗಿಸಲಾರದಂತೆ. ಒರೆಸಿದ ನೆಲ ತುಳಿದು ಕಾಲು ನೆಕ್ಕಿದರೂ ಅಪಾಯ. ಈಗ ಎಂಜೈಮ್ ಕ್ಲೀನರ್ (ಉಚ್ಚೆಯ ವಾಸನೆ ಹುಟ್ಟಿಸುವ ಅಂಶವನ್ನೇ ಒಡೆಯುವ ದ್ರಾವಣ) ಬಳಸುತ್ತಿದ್ದೇನೆ. ದುಬಾರಿ, ಆದರೆ ವಾಸನೆ ನಿಜಕ್ಕೂ ಹೋಗುತ್ತದೆ.

ಗಂಡು ಬೆಕ್ಕು ಸಾಕಿದವರಿಗೆ ಇನ್ನೊಂದು ಮಾತು. ಅದು ತಿಣುಕಿದರೂ ಉಚ್ಚೆ ಬರುತ್ತಿಲ್ಲ ಅಂದ್ರೆ ಬಾಕ್ಸು, ಮಣ್ಣು ಅಂತ ಕೂರಬೇಡಿ, ಕೂಡಲೇ ಡಾಕ್ಟರ ಹತ್ತಿರ ಓಡಿ.