ಮೆಟ್ಟಿಲ ಕೆಳಗಿನ ಡ್ರಮ್: ಸಣ್ಣ ಕಾರ್ಖಾನೆಗಳ ಗುಂಪಿನಲ್ಲಿ ಕೆಮಿಕಲ್ ಪ್ರಶ್ನೋತ್ತರ

ಅಡ್ಮಿನ್: ಸೇಫ್ಟಿ ಸಲಹೆಗಾರರು ಸಂಜೆ 7ರಿಂದ ಇರ್ತಾರೆ. ಕೆಮಿಕಲ್ ನಿಯಮಗಳ ಬಗ್ಗೆ ಏನಿದ್ದರೂ ಕೇಳಿ. ಗುಡ್ ಈವ್ನಿಂಗ್ ಹೂವು ಬೇಡ.

ರಾಜಾಜಿನಗರ ಬಫಿಂಗ್: ಸರ್, ನಮ್ಮಲ್ಲಿ 6 ಜನ ಅಷ್ಟೇ. ಈ ಕಾನೂನು ನಮಗೂ ಬರುತ್ತಾ?

ಸಲಹೆಗಾರ: ಬರುತ್ತದೆ. 1989ರ ಅಪಾಯಕಾರಿ ರಾಸಾಯನಿಕ ನಿಯಮಗಳು ಭೋಪಾಲ್ ಆದಮೇಲೆ ಬಂದವು. ಅವು ತಲೆ ಎಣಿಸುವುದಿಲ್ಲ. ಯಾವ ಕೆಮಿಕಲ್, ಎಷ್ಟು ಅಂತ ನೋಡುತ್ತವೆ. ತುರ್ತು ಯೋಜನೆ ಬರೆದಿಡುವುದು ಜಾಸ್ತಿ ಪ್ರಮಾಣ ಇಟ್ಟವರಿಗೆ. ಲೇಬಲ್, ಸೇಫ್ಟಿ ಡೇಟಾ ಶೀಟ್ (ಕೆಮಿಕಲ್‌ನ ಅಪಾಯ, ಎಚ್ಚರಿಕೆ ಬರೆದಿರುವ ಹಾಳೆ) ನಿಮಗೂ ಬೇಕು.

ಜಿಗಣಿ ಪೇಂಟ್: ಸರ್, ಥಿನ್ನರ್ ಎಷ್ಟು ಲೀಟರ್ ತನಕ ಲೈಸೆನ್ಸ್ ಇಲ್ಲದೆ ಇಡಬಹುದು?

ಮಾಗಡಿ ರಸ್ತೆ ಪ್ಲೇಟಿಂಗ್: ಸರ್, ನಮ್ಮದು ಜಿಂಕ್ ಪ್ಲೇಟಿಂಗ್ ಶೆಡ್, ಲೋಹಕ್ಕೆ ಸತುವಿನ ಲೇಪ ಹಾಕ್ತೀವಿ. ಸೋಡಿಯಂ ಸೈನೈಡ್ ಡ್ರಮ್ ಮೆಟ್ಟಿಲ ಕೆಳಗಿದೆ. ಜಾಗ ಇಲ್ಲ ಅಂತ ಪಕ್ಕದಲ್ಲೇ ಎಚ್‌ಸಿಎಲ್ ಆಸಿಡ್ ಕ್ಯಾನ್ ಇಟ್ಟಿದ್ದೀವಿ. ಹೋದ ವಾರ ಮಳೆ ನೀರು ಒಳಗೆ ಬಂತು. ಆವತ್ತಿಂದ ಆ ಮೂಲೆಯಲ್ಲಿ ಏನೋ ವಾಸನೆ ಅಂತಾನೆ ಹುಡುಗ, ಅವನಿಗೆ ತಲೆನೋವು ಬೇರೆ. ನನ್ನ ಮೂಗಿಗೆ ಏನೂ ಗೊತ್ತಾಗ್ತಿಲ್ಲ. ಸೋಮವಾರ ಗಿರಾಕಿ ಕಂಪನಿಯವರು ಆಡಿಟ್‌ಗೆ ಬರ್ತಾರೆ. ಏನೇನು ಕಾಗದ ರೆಡಿ ಮಾಡಬೇಕು?

ಸಲಹೆಗಾರ: ಕಾಗದ ಆಮೇಲೆ. ಈಗ ಶೆಡ್‌ನಲ್ಲಿ ಯಾರಿದ್ದಾರೆ? ಎಲ್ಲರನ್ನೂ ಹೊರಗೆ ಕರೆದುಕೊಂಡು ಬನ್ನಿ. ಹುಡುಗನನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. "ಸೈನೈಡ್ ಇರುವ ಜಾಗದಲ್ಲಿ ಕೆಲಸ" ಅಂತ ಬಾಗಿಲಲ್ಲೇ ಹೇಳಿ. ಬರೀ ತಲೆನೋವು ಅಂದರೆ ಮಾತ್ರೆ ಕೊಟ್ಟು ಕಳಿಸುತ್ತಾರೆ. 112ಕ್ಕೆ ಫೋನ್ ಮಾಡಿ, ಅಗ್ನಿಶಾಮಕದವರಿಗೂ ಇದನ್ನೇ ಹೇಳಿ.

ಆಸಿಡ್ ಸೈನೈಡಿಗೆ ತಾಗಿದರೆ ಹೈಡ್ರೋಜನ್ ಸೈನೈಡ್ ಗ್ಯಾಸ್ ಏಳುತ್ತದೆ. ತೇವದ ಗಾಳಿ ಆಡಿದರೂ ಸ್ವಲ್ಪ ಸ್ವಲ್ಪ ಬಿಡುತ್ತದೆ. ಕಹಿ ಬಾದಾಮಿ ವಾಸನೆ ಅಂತಾರೆ. ಆದರೆ ಆ ವಾಸನೆಯೇ ಹತ್ತದ ಮೂಗುಗಳು ಬೇಕಾದಷ್ಟಿವೆ. ನಿಮ್ಮದೂ ಅಂಥದ್ದೇ ಇರಬಹುದು. ಅದನ್ನು ನಂಬಿಕೊಂಡು ಒಳಗೆ ಇಣುಕಬೇಡಿ.

ಡ್ರಮ್, ಕ್ಯಾನ್ ಯಾವುದನ್ನೂ ಎತ್ತಬೇಡಿ. ನೆಲ ತೊಳೆಯಬೇಡಿ. ಬ್ಲೀಚಿಂಗ್ ಪುಡಿ ಎರಚಬೇಡಿ, ಆಸಿಡ್ ಚೆಲ್ಲಿದ್ದರೆ ಕ್ಲೋರಿನ್ ಬೇರೆ ಸೇರಿಕೊಳ್ಳುತ್ತದೆ. ಗೋಡೆಗೆ ನೇತುಹಾಕಿರುವ, ಬೆಂಕಿ ಆರಿಸುವ ಸಿಒ2 ಸಿಲಿಂಡರನ್ನೂ ಸೈನೈಡ್ ಮೇಲೆ ಹೊಡೆಯುವಂತಿಲ್ಲ. ಯಾರಾದರೂ ಒಳಗೆ ಬಿದ್ದರೆ ಉಸಿರಾಟದ ಸೆಟ್ ಇಲ್ಲದೆ ನುಗ್ಗಬೇಡಿ. ಬಾಯಿಗೆ ಬಾಯಿಟ್ಟು ಉಸಿರು ಊದಬೇಡಿ.

ಯಲಹಂಕ ಫ್ಯಾಬ್: ಫಾರ್ವರ್ಡ್ ಬಂದಿದೆ ಸರ್. ಕೆಮಿಕಲ್ ಹೊಗೆಗೆ ಬೆಲ್ಲ ತಿಂದು ಮೇಲೆ ಒಂದು ಲೋಟ ಹಾಲು ಕುಡಿದರೆ ವಿಷ ಇಳಿಯುತ್ತಂತೆ.

ಸಲಹೆಗಾರ: ಬೆಲ್ಲ ಹೋಳಿಗೆಗೆ ಹಾಕಿ. ಸೈನೈಡ್ ಆಗಲಿ, ವೆಲ್ಡಿಂಗ್ ಹೊಗೆಯಾಗಲಿ, ಬೆಲ್ಲಕ್ಕೆ ಇಳಿಯುವುದಿಲ್ಲ. ಮಂಕು ಕವಿದವನಿಗೆ ಹಾಲು ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಮಹದೇವಪುರ ಟೂಲ್ಸ್: ಆಸಿಡ್ ಮೈಮೇಲೆ ಬಿದ್ದರೆ ಅಡುಗೆ ಸೋಡಾ?

ಸಲಹೆಗಾರ: ನೀರು. 20 ನಿಮಿಷ.

ಪೀಣ್ಯ ಹಳಬರು: ಸುಮ್ನೆ ಹೆದರಿಸ್ತೀರಿ. ನಮ್ಮಪ್ಪ 30 ವರ್ಷ ಕ್ರೋಮ್ ತೊಟ್ಟಿ ಮುಂದೆ ಬರಿಗೈಲಿ ನಿಂತರು. ಏನಾಯ್ತು? ಇದೆಲ್ಲ ಕನ್ಸಲ್ಟೆಂಟ್ ಫೀಸ್‌ಗೆ ದಾರಿ ಅಲ್ವಾ?

ಕಾಮಾಕ್ಷಿಪಾಳ್ಯ ನಿಕಲ್: ನಮ್ಮ ಮಾವನೂ ಕ್ರೋಮ್ ಮಾಡ್ತಿದ್ರು. ಎರಡು ಹೊಳ್ಳೆ ನಡುವೆ ತೂತು ಬಿದ್ದಿತ್ತು. ಡಾಕ್ಟರ್ ಒಂದು ಕಡೆ ಟಾರ್ಚ್ ಬಿಟ್ರೆ ಇನ್ನೊಂದು ಕಡೆ ಬೆಳಕು.

ಪೀಣ್ಯ ಹಳಬರು: ನಶ್ಯ ಹಾಕ್ತಿದ್ರೇನೋ.

ಕಾಮಾಕ್ಷಿಪಾಳ್ಯ ನಿಕಲ್: ತೀರಿಕೊಂಡವರ ಬಗ್ಗೆ ನೋಡಿಕೊಂಡು ಮಾತಾಡಿ.

ಸಲಹೆಗಾರ: ಕ್ರೋಮಿಕ್ ಆಸಿಡ್ ಆವಿಗೆ ಮೂಗಿನ ನಡುಗೋಡೆ ಸವೆಯುತ್ತದೆ. ಆ ಕಾಯಿಲೆ ಪುಸ್ತಕದಲ್ಲೇ ಇದೆ. ಮಾಗಡಿ ರಸ್ತೆಯವರೇ, ಹೊರಗೆ ಬಂದ್ರಾ?

ಅಡ್ಮಿನ್: ಹಳಬರೇ, ಸಾಕು.

ಜಿಗಣಿ ಪೇಂಟ್: ಸರ್ ಥಿನ್ನರ್?

ಹಾರೋಹಳ್ಳಿ ಗಾಲ್ವನೈಸಿಂಗ್: ಪ್ಲೇಟಿಂಗ್ ಸ್ಲಡ್ಜ್ (ಉಳಿಯುವ ಕೆಸರು) ಎಷ್ಟು ದಿನ ಇಟ್ಕೋಬಹುದು?

ಸಲಹೆಗಾರ: 90 ದಿನ. 2016ರ ಅಪಾಯಕಾರಿ ತ್ಯಾಜ್ಯ ನಿಯಮ. ವಾರ್ಷಿಕ ವಿವರ ಫಾರಂ 4ರಲ್ಲಿ, ಜೂನ್ 30ರೊಳಗೆ ಮಾಲಿನ್ಯ ಮಂಡಳಿಗೆ.

ನೆಲಮಂಗಲ ವೆಲ್ಡಿಂಗ್: 4 ಜನ ಇದ್ರೂ ಬೇಕಾ ಸರ್ ಇದೆಲ್ಲ?

ಸಲಹೆಗಾರ: ಮೇಲೆ ಓದಿ.

ಮಾಗಡಿ ರಸ್ತೆ ಪ್ಲೇಟಿಂಗ್: ಎಲ್ಲ ಹೊರಗಿದ್ದೀವಿ ಸರ್. ಹುಡುಗನಿಗೆ ಆಕ್ಸಿಜನ್ ಹಾಕಿದ್ದಾರೆ, ಮಾತಾಡ್ತಿದ್ದಾನೆ. ಅಗ್ನಿಶಾಮಕದವರು ಮುಖವಾಡ ಹಾಕ್ಕೊಂಡು ಒಳಗೆ ಹೋಗಿ ಬಂದ್ರು. ಡ್ರಮ್ ತಳ ತುಕ್ಕು ಹಿಡಿದು ತೇವ ಆಗಿದೆಯಂತೆ. ಒಂದು ಕ್ಯಾನ್ ಮುಚ್ಚಳ ಸಡಿಲ.

ಸಲಹೆಗಾರ: ಸಪ್ಲೈಯರ್‌ಗೆ ಈಗಲೇ ಫೋನ್ ಮಾಡಿ. ಡ್ರಮ್ಮನ್ನು ಗೊತ್ತಿರುವವರೇ ತೆಗೆಯಲಿ. ಮುಂದೆ ಸೈನೈಡ್‌ಗೆ ಬೇರೆ ಕೋಣೆ, ಬೀಗ, ನೆಲದಿಂದ ಎತ್ತರದ ಕಟ್ಟೆ. ಸೈನೈಡ್ ನೀರಿಗೂ ಆಸಿಡ್ ನೀರಿಗೂ ಬೇರೆ ಬೇರೆ ಚರಂಡಿ. ಎರಡೂ ಒಂದೇ ಗುಂಡಿಗೆ ಬಿದ್ದರೆ ಗ್ಯಾಸ್ ಅಲ್ಲೇಳುತ್ತದೆ. ಸೈನೈಡ್ ಇಲ್ಲದ ಜಿಂಕ್ ಬಾತ್ (ಪ್ಲೇಟಿಂಗ್ ತೊಟ್ಟಿಯ ದ್ರಾವಣ) ಬಂದು ಎಷ್ಟೋ ಕಾಲ ಆಯ್ತು, ಅದನ್ನೂ ಯೋಚಿಸಿ. ನಿಮ್ಮ ಚರಂಡಿ ಎಲ್ಲಿಗೆ ಹೋಗುತ್ತೆ?

ಮಾಗಡಿ ರಸ್ತೆ ಪ್ಲೇಟಿಂಗ್: ಒಂದೇ ಗುಂಡಿ ಸರ್.

ಸಲಹೆಗಾರ: ಅದನ್ನು ಅಗ್ನಿಶಾಮಕದವರಿಗೆ ಹೇಳಿದ್ರಾ?

ಮಾಗಡಿ ರಸ್ತೆ ಪ್ಲೇಟಿಂಗ್: ಹೋಗಿ ಹೇಳ್ತೀನಿ.

ಜಿಗಣಿ ಪೇಂಟ್: ಸರ್, ಮೂರನೇ ಸಲ ಕೇಳ್ತಿದ್ದೀನಿ. ಥಿನ್ನರ್.