ಇವತ್ತು ನಿಮ್ಮ ಕೈಯಲ್ಲಿರುವ ವಾಚು ಯಾವುದು?

ಎಲ್ಲರಿಗೂ ನಮಸ್ಕಾರ. ಕೆಲಸಕ್ಕೆ ಸೇರಿ ಆರು ತಿಂಗಳಾಯ್ತು. ಹದಿನೈದು ಸಾವಿರದೊಳಗೆ ಒಂದು ಒಳ್ಳೆ ವಾಚು ತಗೊಳ್ಳೋಣ ಅಂತಿದ್ದೇನೆ. ವಿಡಿಯೊ ನೋಡಿ ನೋಡಿ ತಲೆ ಕೆಟ್ಟುಹೋಗಿದೆ. ಒಬ್ಬರು ಸೀಕೊ ಬಿಟ್ಟರೆ ಬೇರೆ ಇಲ್ಲ ಅನ್ನುತ್ತಾರೆ, ಇನ್ನೊಬ್ಬರು ಅದನ್ನೇ ಬೈಯುತ್ತಾರೆ. ಅದಕ್ಕೇ ಬೇರೆ ಥರ ಕೇಳುತ್ತಿದ್ದೇನೆ. ನಿಮ್ಮ ಹತ್ತಿರ ಏನೇನಿದೆ ಅಂತ ಬೇಡ. ಇವತ್ತು ಕೈಗೆ ಏನು ಕಟ್ಟಿದ್ದೀರಿ, ಯಾಕೆ, ಅಷ್ಟು ಹೇಳಿ. ಯಾವ ಬ್ರ್ಯಾಂಡ್ ಎಷ್ಟು ಜನರ ಕೈಯಲ್ಲಿದೆ ಅಂತ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಲೆಕ್ಕ ಇಡುತ್ತೇನೆ.

ಇನ್ನೊಂದು ವಿಷಯ. ಮನೆಯಲ್ಲಿ ಅಪ್ಪನ ಎಚ್‌ಎಂಟಿ ಜನತಾ ಇದೆ. ನಿಂತು ಹತ್ತು ವರ್ಷ ಆಗಿರಬೇಕು. ಅಪ್ಪ "ಅದಿನ್ನೆಲ್ಲಿ ನಡೆಯುತ್ತೆ, ಬಿಡೋ" ಅನ್ನುತ್ತಾರೆ. ರಿಪೇರಿ ಆಗುತ್ತಾ?

ಹುಬ್ಬಳ್ಳಿಯಿಂದ ಒಂದು ಉತ್ತರ

ಕ್ಯಾಸಿಯೊ ಎಫ್-91ಡಬ್ಲ್ಯು. 1989ರಲ್ಲಿ ಬಂದ ಮಾಡೆಲ್, ಇವತ್ತಿಗೂ ಹಾಗೇ ಇದೆ. ಸೆಲ್ಲು ಏಳು ವರ್ಷ ಬರುತ್ತೆ ಅಂತ ಕಂಪನಿಯೇ ಹೇಳುತ್ತೆ. ಬೈಕು, ಮಳೆ, ಪಾತ್ರೆ ತೊಳೆಯೋದು, ಯಾವುದಕ್ಕೂ ಬಿಚ್ಚಲ್ಲ. ಆದರೆ ವಾಟರ್ ರೆಸಿಸ್ಟ್ ಅಂತ ಬರೆದಿದೆ ಅಂದ್ಕೊಂಡು ಬಾವಿಗೆ ಧುಮುಕಬೇಡಿ. ಬೀರುವಿನಲ್ಲಿ ಇದರ ಹತ್ತು ಪಟ್ಟು ಬೆಲೆಯ ಎರಡು ವಾಚುಗಳು ಮಲಗಿವೆ. ಕ್ಯಾಸಿಯೊಗೆ ಒಂದು ಗೆರೆ ಎಳೆಯಿರಿ.

ಬೆಂಗಳೂರು, ಬನಶಂಕರಿಯಿಂದ

ನಿಮ್ಮ ಪ್ರಶ್ನೆ ನನಗೆ ಇಷ್ಟ ಆಯ್ತು. ಯಾಕಂದ್ರೆ ಈ ಕೆಲಸವನ್ನು ನಾನು ನನ್ನ ಮೇಲೇ ಮಾಡಿ ನೋಡಿದ್ದೇನೆ.

ನನ್ನ ಹತ್ತಿರ ನಾಲ್ಕು ವಾಚಿವೆ. ಅಡುಗೆಮನೆ ಬಾಗಿಲ ಹಿಂದೆ ತಿಥಿ, ರಜೆ ಎಲ್ಲ ಇರುವ ದೊಡ್ಡ ಕ್ಯಾಲೆಂಡರ್ ನೇತುಹಾಕಿದ್ದೇವೆ. ಹಾಲಿನ ಲೆಕ್ಕ ಬರೆಯೋದೂ ಅದರಲ್ಲೇ. ಹಾಲಿನ ಲೆಕ್ಕದ ಪಕ್ಕದಲ್ಲಿ ದಿನಾ ಬೆಳಿಗ್ಗೆ ಒಂದಕ್ಷರ ಬರೆದೆ. ಸೀಕೊ ಕಟ್ಟಿದರೆ ‘ಸೀ’, ಸಿಟಿಜನ್ ಆದರೆ ‘ಸಿ’, ಹೀಗೆ. ಮೂರು ತಿಂಗಳು ಬಿಡದೆ ಬರೆದೆ. ನನ್ನ ಹೆಂಡತಿ ಇದನ್ನು ಹಾಲಿನವನ ಗುರುತು ಅಂದ್ಕೊಂಡು ಒಂದಿನ ಅವನ ಜೊತೆ ಜಗಳಾನೂ ಆಡಿದಳು, ಅದು ಬೇರೆ ಕಥೆ.

ತಿಂಗಳುಗಟ್ಟಲೆ ದುಡ್ಡು ಕೂಡಿಸಿ ತಗೊಂಡಿದ್ದು ಸೀಕೊ 5 ಆಟೋಮ್ಯಾಟಿಕ್. ಕ್ಯಾಲೆಂಡರ್ ತುಂಬ ಅದೇ ಇರುತ್ತೆ ಅಂದ್ಕೊಂಡಿದ್ದೆ. ನೋಡಿದರೆ ತಿಂಗಳಿಗೆ ನಾಲ್ಕೈದು ದಿನ ಅಷ್ಟೇ. ಉಳಿದಿದ್ದೆಲ್ಲ ‘ಸಿ’. ಯಾಕೆ ಅಂತ ಯೋಚಿಸಿದೆ. ಆಟೋಮ್ಯಾಟಿಕ್ ವಾಚು ನಮ್ಮ ಕೈ ಆಡುವಾಗ ತಾನೇ ಕೀ ಕೊಟ್ಟುಕೊಳ್ಳುತ್ತೆ. ಬಿಚ್ಚಿಟ್ಟರೆ ಸುಮಾರು ನಲವತ್ತು ಗಂಟೆ ಓಡಿ ನಿಲ್ಲುತ್ತೆ. ಶುಕ್ರವಾರ ಸಂಜೆ ಏಳಕ್ಕೆ ಬಿಚ್ಚಿದರೆ ಭಾನುವಾರ ಹನ್ನೊಂದಕ್ಕೆ ಕಥೆ ಮುಗಿಯಿತು. ನನ್ನದು ಹಳೇ 7ಎಸ್26 ಮಷೀನು, ಅದಕ್ಕೆ ಕೈಯಲ್ಲಿ ಕೀ ಕೊಡೋಕೂ ಬರಲ್ಲ. ಅಲ್ಲಾಡಿಸಬೇಕು. ಸೋಮವಾರ ಎಂಟೂವರೆಗೆ ಒಂದು ಕೈಯಲ್ಲಿ ಟಿಫನ್ ಡಬ್ಬಿ, ಇನ್ನೊಂದರಲ್ಲಿ ವಾಚು ಹಿಡಿದು ಗಿಲಕಿ ಥರ ಅಲ್ಲಾಡಿಸಿ, ಟೈಮು ಇಟ್ಟು, ತಾರೀಖು ತಿರುಗಿಸಿ, ವಾರ ತಿರುಗಿಸಿ... ಅಷ್ಟು ಹೊತ್ತಿಗೆ ಕ್ಯಾಬ್‌ನವನ ಎರಡನೇ ಫೋನು. ಪಕ್ಕದಲ್ಲಿ ಸಿಟಿಜನ್ ಇಕೊ-ಡ್ರೈವ್ ಸರಿಯಾದ ಟೈಮು ತೋರಿಸುತ್ತ ಕೂತಿರುತ್ತೆ. ಬೆಳಕಿನಲ್ಲಿ ಚಾರ್ಜ್ ಆಗುವ ವಾಚು, ಕಿಟಕಿಯ ಬೆಳಕು ಸಾಕು. ಕೈ ತಾನಾಗೇ ಅದರ ಕಡೆ ಹೋಗುತ್ತೆ.

ಅಂದ ಮಾತ್ರಕ್ಕೆ ಸೀಕೊ ಕೆಟ್ಟದ್ದು ಅಂತಲ್ಲ. ಭಾನುವಾರ ಸುಮ್ನೆ ಕೂತು ಹಿಂದಿನ ಗಾಜಿನಲ್ಲಿ ಅದರ ಚಕ್ರ ಆಡೋದನ್ನ ನೋಡ್ತೀನಿ. ನನ್ನ ಮೆಚ್ಚಿನ ವಾಚು ಅದೇ. ಕಟ್ಟೋದು ಮಾತ್ರ ಇನ್ನೊಂದನ್ನ.

ನಿಮ್ಮ ಲೆಕ್ಕಕ್ಕೂ ಒಂದು ಮಾತು. ಭಾನುವಾರ ಕೇಳಬೇಡಿ. ಭಾನುವಾರ ಎಲ್ಲರೂ ಪೆಟ್ಟಿಗೆಯಿಂದ ಒಳ್ಳೇದನ್ನ ತೆಗೆದು ಕಟ್ಟಿ ತೋರಿಸುತ್ತಾರೆ. ಮಂಗಳವಾರ ಬೆಳಿಗ್ಗೆ ಕೇಳಿ, ಆಮೇಲೆ ಇನ್ನೊಂದು ಮಂಗಳವಾರ ಕೇಳಿ. ಸಾಮಾನ್ಯ ವಾಚು ಕಟ್ಟಿದವರು ಇಂಥ ಕಡೆ ಬಾಯಿ ಬಿಡೋದೇ ಕಮ್ಮಿ. ಹುಬ್ಬಳ್ಳಿಯವರಂಥ ಪುಣ್ಯಾತ್ಮರು ಅಪರೂಪ.

ದಾವಣಗೆರೆಯ ಮೇಷ್ಟ್ರು

ಟೈಟನ್. ನಿವೃತ್ತಿಯಾದ ದಿನ ಮಕ್ಕಳೆಲ್ಲ ಸೇರಿ ಕೊಟ್ಟಿದ್ದು. ಬಿಳಿ ಡಯಲ್, ದೊಡ್ಡ ಅಂಕಿ. ಕನ್ನಡಕ ಇಲ್ಲದೆ ಕಾಣುತ್ತೆ, ನನಗೆ ಅಷ್ಟೇ ಬೇಕು.

ನಮ್ಮ ಕಾಲದಲ್ಲಿ ಯಾವ ಬ್ರ್ಯಾಂಡ್ ಅನ್ನೋ ಪ್ರಶ್ನೆಯೇ ಇರಲಿಲ್ಲಪ್ಪ. ಎಚ್‌ಎಂಟಿ, ಅದೂ ಸಿಕ್ಕರೆ. ಮದುವೆಯಲ್ಲಿ ಅಳಿಯನಿಗೆ ಉಂಗುರ, ವಾಚು ಅಂತ ಮಾತಾಗುತ್ತಿತ್ತು. ನಮ್ಮ ಕಡೆಯವರು ಕಾಂಚನ್ ಅಂತ ಬಾಯಿಬಿಟ್ಟು ಹೇಳಿಬಿಟ್ಟಿದ್ದರು. ಆಟೋಮ್ಯಾಟಿಕ್, ಭಾರಿ ಬೇಡಿಕೆ, ಬ್ಲ್ಯಾಕಿನಲ್ಲಿ ಮಾರುತ್ತಿದ್ದರು. ಮಾವ ಎಲ್ಲೆಲ್ಲೋ ಅಲೆದು ತಂದುಕೊಟ್ಟರು. ಈಗ ನೆನೆದರೆ ನಾಚಿಕೆ ಆಗುತ್ತೆ. ಆ ವಾಚು ಮಗನ ಹತ್ತಿರ ಇದೆ. ಆಮೇಲೆ 1984ರಲ್ಲಿ ಟಾಟಾದವರೂ ತಮಿಳುನಾಡು ಸರ್ಕಾರದ ಸಂಸ್ಥೆಯೂ ಸೇರಿ ಟೈಟನ್ ಶುರು ಮಾಡಿದರು. ಹೊಸೂರಿನಿಂದ ಸೆಲ್ಲಿನ ವಾಚು ಬಂದಮೇಲೆ ಕೀ ಕೊಡುವ ಅಭ್ಯಾಸವೇ ಹೋಯ್ತು.

ಇಂಗ್ಲೆಂಡಿನ ಲೀಡ್ಸ್‌ನಿಂದ

ನನ್ನ ಕೈಯಲ್ಲಿ ಏನೂ ಇಲ್ಲ! ನಾನು ನರ್ಸ್. ಇಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವಾಗ ಮೊಣಕೈಯಿಂದ ಕೆಳಗೆ ವಾಚು ಕಟ್ಟುವ ಹಾಗಿಲ್ಲ, ಸೋಂಕು ಹರಡಬಾರದು ಅಂತ. ಎದೆಗೆ ತಲೆಕೆಳಗಾಗಿ ನೇತುಹಾಕುವ ಪುಟ್ಟ ವಾಚು ಇರುತ್ತೆ. ಬಗ್ಗಿ ನೋಡಿದರೆ ನಮಗೆ ಮಾತ್ರ ನೆಟ್ಟಗೆ ಕಾಣುತ್ತೆ. ಬ್ರ್ಯಾಂಡ್ ಏನು ಅಂತ ಈಗ ತಿರುಗಿಸಿ ನೋಡಿದೆ, ಹೆಸರೇ ಇಲ್ಲ. ಯಾವ ಕಾಲಂಗೆ ಹಾಕ್ತೀರೋ ನೋಡಿ.

ಮೈಸೂರಿನಿಂದ

ಸ್ಮಾರ್ಟ್ ವಾಚು ಲೆಕ್ಕಕ್ಕೆ ಬರುತ್ತಾ? ಬರಲ್ಲ ಅಂದ್ರೆ ನಿಮ್ಮ ಲೆಕ್ಕ ಸುಳ್ಳು. ನಮ್ಮ ಆಫೀಸಿನಲ್ಲಿ ಅರ್ಧ ಜನ ಅದನ್ನೇ ಕಟ್ಟೋದು.

ತುಮಕೂರಿನಿಂದ

ಎಚ್‌ಎಂಟಿಗೆ ನನ್ನದೊಂದು ಗೆರೆ, ಅಮ್ಮನದೊಂದು. ಅಮ್ಮ ಇಲ್ಲಿನ ಎಚ್‌ಎಂಟಿ ಫ್ಯಾಕ್ಟರಿಯಲ್ಲಿ ವಾಚು ಜೋಡಿಸುವ ವಿಭಾಗದಲ್ಲಿದ್ದರು. ಅವರ ಕೈಯಲ್ಲಿ ಇವತ್ತಿಗೂ ಸುಜಾತಾ. ನನ್ನದು ಪೈಲಟ್, ಕಪ್ಪು ಡಯಲ್. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಫ್ಯಾಕ್ಟರಿ ಜಾಗ ಆಮೇಲೆ ಇಸ್ರೋಗೆ ಹೋಯ್ತು. ಆ ರಸ್ತೆಯಲ್ಲಿ ಹೋಗುವಾಗ ಅಮ್ಮ ಮಾತಾಡಲ್ಲ.

ಜನತಾ ಖಂಡಿತ ನಡೆಯುತ್ತೆ. 17 ಜ್ಯುವೆಲ್ (ಒಳಗಿನ ಚಕ್ರ ಸವೆಯದಿರಲಿ ಅಂತ ಕೂರಿಸುವ ಪುಟ್ಟ ಹರಳು), ಕೀ ಕೊಡುವ ಸರಳ ಮಷೀನು. ಹೆಚ್ಚಿನ ಸಲ ಒಳಗಿನ ಎಣ್ಣೆ ಒಣಗಿ ಅಂಟಾಗಿ ನಿಂತಿರುತ್ತೆ, ಅಷ್ಟೇ. ಬಿಚ್ಚಿ ತೊಳೆದು ಹೊಸ ಎಣ್ಣೆ ಬಿಟ್ಟರೆ ಏಳುತ್ತೆ. ಎಣ್ಣೆ ಹಾಕಿಸದೆ ನೀವೇ ಪದೇ ಪದೇ ಕೀ ಕೊಡಬೇಡಿ, ಒಣಗಿದ ಚಕ್ರ ಸವೆಯುತ್ತೆ. ನಡೆಯಲು ಶುರುವಾದ ಮೇಲೆ ದಿನಾ ಒಂದೇ ಹೊತ್ತಿಗೆ ಕೀ ಕೊಡಿ. ಕೀ ಬಿಗಿಯಾದ ಕೂಡಲೇ ನಿಲ್ಲಿಸಿ. ನೀರು ತಾಗಿಸಲೇಬೇಡಿ.

ಆದರೆ ಯಾರ ಕೈಗೆ ಕೊಡ್ತೀರಿ ಅನ್ನೋದು ಮುಖ್ಯ. ನಮ್ಮ ಚಿಕ್ಕಪ್ಪನ ಪೈಲಟ್ ಒಂದು ಅಂಗಡಿಗೆ ಸರ್ವೀಸ್‌ಗೆ ಕೊಟ್ಟಿದ್ದೆವು. ಪಳಪಳ ಹೊಳೆಯುತ್ತ ವಾಪಸ್ ಬಂತು. ಅಮ್ಮ ಕೈಗೆ ತಗೊಂಡು, "ಇದು ಆ ಡಯಲ್ ಅಲ್ಲ" ಅಂದರು. ಅಕ್ಷರ ದಪ್ಪ, ಒಂದು ಅಂಕಿ ಚೂರು ಸೊಟ್ಟ. ಹಳೇ ಡಯಲ್ ಕೆರೆದು ಹೊಸದಾಗಿ ಬಣ್ಣ ಬಳಿದಿದ್ದರು. ಒಳಗೆ ಏನೇನು ಬದಲಾಯಿತೋ ದೇವರೇ ಬಲ್ಲ. ಅದಕ್ಕೇ ಹೇಳೋದು, ರಿಪೇರಿಯವರ ಎದುರಿಗೇ ಹಿಂದಿನ ಮುಚ್ಚಳ ತೆಗೆಸಿ, ಮಷೀನಿನದೂ ಡಯಲ್‌ದೂ ಫೋಟೊ ತಗೊಂಡು ಕೊಡಿ. "ಪಾಲಿಶ್ ಬೇಡ, ಡಯಲ್ ಮುಟ್ಟಬೇಡಿ" ಅಂತ ಚೀಟಿಯಲ್ಲೇ ಬರೆಸಿ. ಆನ್‌ಲೈನಿನಲ್ಲಿ ಗಿಳಿಹಸಿರು, ಕಿತ್ತಳೆ ಡಯಲ್ ಇರುವ ‘ಹಳೇ’ ಎಚ್‌ಎಂಟಿ ಅಗ್ಗಕ್ಕೆ ಬರುತ್ತವಲ್ಲ, ಹೆಚ್ಚಿನವು ಇದೇ ಥರ ಬಣ್ಣ ಬಳಿದವು.

ನಿಮ್ಮ ನೋಟ್‌ಬುಕ್ಕಿನಲ್ಲಿ ಎಚ್‌ಎಂಟಿ, ಸಿಟಿಜನ್ ಎರಡು ಬೇರೆ ಕಾಲಂ ಇರಬೇಕು ಅಲ್ವಾ? 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಶುರುವಾಗಿದ್ದೇ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ. ಬನಶಂಕರಿಯವರ ಇಕೊ-ಡ್ರೈವ್‌ಗೂ ನಿಮ್ಮ ಅಪ್ಪನ ಜನತಾಗೂ ದೂರದ ನೆಂಟಸ್ತಿಕೆ ಇದೆ. ಬಿಡುವಿದ್ದಾಗ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಮ್ಯೂಸಿಯಂ ಇದೆ, ನೋಡಿ ಬನ್ನಿ.

ಬನಶಂಕರಿಯಿಂದ, ಮತ್ತೆ

ಮೇಡಂ, ಸೊಟ್ಟ ಅಂಕಿ ಹಿಡಿದ ನಿಮ್ಮ ಅಮ್ಮನಿಗೆ ನಮಸ್ಕಾರ ಹೇಳಿ.

ಹೊಸದು ತಗೊಳ್ಳುವವರಿಗೆ ಒಂದು ಮರೆತೆ. ಬ್ರ್ಯಾಂಡಿಗಿಂತ ಮೊದಲು ಮಣಿಕಟ್ಟು ಅಳೆಯಿರಿ. ದಾರ ಸುತ್ತಿ ಸ್ಕೇಲಿನ ಮೇಲಿಡಿ. ನನ್ನದು ಆರೂಕಾಲು ಇಂಚು. ಮೊದಲು ತಗೊಂಡ 44 ಮಿಲಿಮೀಟರಿನದು ಕೈಗೆ ತಟ್ಟೆ ಕಟ್ಟಿದ ಹಾಗಿತ್ತು. ವಾಚಿನ ಅಗಲ ಒಂದನ್ನೇ ನೋಡಬೇಡಿ, ಪಟ್ಟಿ ಸಿಕ್ಕಿಸುವ ಮೇಲಿನ ಕೊಂಬಿನಿಂದ ಕೆಳಗಿನ ಕೊಂಬಿನವರೆಗಿನ ಉದ್ದ ನೋಡಿ. ಅದು ಮಣಿಕಟ್ಟಿನಿಂದ ಆಚೆ ಚಾಚಬಾರದು. ಆಟೋಮ್ಯಾಟಿಕ್ಕೇ ತಗೊಂಡರೆ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ನಾಲ್ಕರವರೆಗೆ ತಾರೀಖು ತಿರುಗಿಸಬೇಡಿ. ಆ ಹೊತ್ತಿನಲ್ಲಿ ಚಕ್ರಗಳೇ ತಾರೀಖು ದಾಟಿಸುತ್ತಿರುತ್ತವೆ, ನಾವು ಬಲವಂತ ಮಾಡಿದರೆ ಹಲ್ಲು ಮುರಿಯಬಹುದು.

ಪ್ರಶ್ನೆ ಕೇಳಿದವನು, ಎರಡು ವಾರದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಎರಡು ಮಂಗಳವಾರ ಕೇಳಿದೆ. ಕ್ಯಾಸಿಯೊ ಕಾಲಂ ಎಲ್ಲಕ್ಕಿಂತ ಉದ್ದ ಇದೆ. ಟೈಟನ್, ಸಿಟಿಜನ್ ಹಿಂದೇ ಇವೆ. "ನನ್ನ ಹತ್ತಿರ ಸೀಕೊ ಇದೆ" ಅಂದವರು ಬಹಳ ಜನ. ಕಟ್ಟಿಕೊಂಡಿದ್ದವರು ಕಮ್ಮಿ. ಸ್ಮಾರ್ಟ್ ವಾಚಿಗೆ ಬೇರೆ ಪುಟ ಮಾಡಿದ್ದೇನೆ, ಮೈಸೂರಿನವರು ಸಮಾಧಾನ ಮಾಡ್ಕೋಬೇಕು. ಲೀಡ್ಸ್ ಅಕ್ಕನಿಗಾಗಿ ‘ಎದೆ’ ಅಂತ ಒಂದು ಕಾಲಂ ತೆರೆದಿದ್ದೇನೆ, ಸದ್ಯಕ್ಕೆ ಒಂದೇ ಗೆರೆ.

ಜನತಾ ರಿಪೇರಿಗೆ ಕೊಟ್ಟೆ. ಫೋಟೊ ತೆಗೆದೇ ಕೊಟ್ಟೆ. ರಿಪೇರಿಯವರು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಒಳಗೆ ಇಣುಕಿ, "ಎಣ್ಣೆ ಅಂಟಾಗಿದೆ, ಮಷೀನು ಚಿನ್ನ" ಅಂದರು. ನಿನ್ನೆ ಮನೆಗೆ ತಂದೆ. ಅಪ್ಪ ಕೈಗೆ ತಗೊಂಡು ಕೀ ಕೊಟ್ಟರು, ಕಿವಿಗಿಟ್ಟುಕೊಂಡು ಕೇಳಿದರು. ಏನೂ ಹೇಳಲಿಲ್ಲ. ಕಟ್ಟಿಕೊಂಡು ತರಕಾರಿ ತರಲು ಹೋದರು. ರಾತ್ರಿ ಮಲಗುವಾಗ ದಿಂಬಿನ ಪಕ್ಕ ಇಟ್ಟುಕೊಂಡಿದ್ದರು. ಇವತ್ತೂ ವಾಪಸ್ ಬಂದಿಲ್ಲ.

ಹಾಗಾಗಿ ನನ್ನ ಕೈ ಇನ್ನೂ ಖಾಲಿ. ದಾರ ಸುತ್ತಿ ನೋಡಿದೆ, ಆರೂವರೆ ಇಂಚು. ಬೆಳಕಿನಲ್ಲಿ ಓಡುವ ಸಿಟಿಜನ್ನೇ ಅಂತ ಗಟ್ಟಿ ಮಾಡಿದ್ದೇನೆ. 40 ಮಿಲಿಮೀಟರಿಗಿಂತ ಚಿಕ್ಕದು ಯಾರಾದರೂ ಕಟ್ಟುತ್ತಿದ್ದರೆ ಒಂದು ಫೋಟೊ ಹಾಕಿ. ಭಾನುವಾರದ್ದು ಬೇಡ.