‘ಕರಖ್’ ದೋಣಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ‘ಲಾಂಚಿಂಗ್ ದ ಕರಖ್’ ಅನ್ನುವ ಒಂದು ಚಿತ್ರದ ಹೆಸರನ್ನು ಕನ್ನಡಕ್ಕೆ ತರಬೇಕಿದೆ. ‘ದ’ ಬಿಟ್ಟರೆ ಎರಡೇ ಪದ, ಆದರೆ ವಾರದಿಂದ ಅಲ್ಲೇ ನಿಂತಿದ್ದೇನೆ.

ಚಿತ್ರ ಐರ್ಲೆಂಡಿನ ಚಿತ್ರಕಾರ ಪಾಲ್ ಹೆನ್ರಿಯವರದು. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ಕಲಿತು, 1910ರಲ್ಲಿ ಪಶ್ಚಿಮ ಕರಾವಳಿಯ ಆಕಿಲ್ ದ್ವೀಪಕ್ಕೆ ಹೋದವರು. ಹೋದವರು ಸುಮಾರು ಒಂಬತ್ತು ವರ್ಷ ಅಲ್ಲೇ ಉಳಿದರು. ಅಲ್ಲಿಗೆ ಹೋದ ಹೊಸದರಲ್ಲೇ ಬರೆದ ತೈಲಚಿತ್ರ ಇದು, ಈಗ ಡಬ್ಲಿನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಮೀನುಗಾರರು ಬೆನ್ನು ಬಗ್ಗಿಸಿ, ಬರುವ ಅಲೆಗೆ ಎದುರಾಗಿ ದೋಣಿಯನ್ನು ನೀರಿಗೆ ನೂಕುತ್ತಿದ್ದಾರೆ. ಆ ಬಗೆಯ ದೋಣಿಗೆ ಹೆಸರು ಕರಖ್.

ಸುಮ್ನೆ ‘ದೋಣಿ’ ಅಂದರೆ ಆಯ್ತಲ್ವಾ ಅಂತ ಮೊದಲು ಅನ್ನಿಸಿತು. ಆದರೆ ದೋಣಿ ಅಂದಕೂಡಲೇ ನಮಗೆ ಕಾಣುವುದು ಮರದ ಹಲಗೆ. ಕರಖ್ ಹಾಗಲ್ಲ. ತೆಳು ಮರದ ಪಟ್ಟಿಗಳ ಹಂದರ, ಅದರ ಮೇಲೆ ಹಿಂದೆ ತೊಗಲು, ಆಮೇಲೆ ಡಾಂಬರು ಬಳಿದ ಕ್ಯಾನ್ವಾಸ್. ಎಷ್ಟು ಹಗುರ ಅಂದರೆ, ಕೆಲಸ ಮುಗಿದ ಮೇಲೆ ಮೂರ್ನಾಲ್ಕು ಜನ ಅದನ್ನು ಬೋರಲು ಹಾಕಿ ತಲೆ ಮೇಲೆ ಹೊತ್ತು ನಡೆಯುತ್ತಾರೆ. ದೂರದಿಂದ ನೋಡಿದರೆ ದೊಡ್ಡ ಕಪ್ಪು ಜೀರುಂಡೆಗೆ ಕಾಲು ಬಂದ ಹಾಗೆ. ಚಿತ್ರವೂ ಕ್ಯಾನ್ವಾಸ್ ಮೇಲೆ, ದೋಣಿಯೂ ಕ್ಯಾನ್ವಾಸಿನದು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಹಂದರ, ಅದರ ಮೇಲೆ ತೊಗಲು ಅಂದಾಗ ‘ಹರಿಗೋಲು’ ನೆನಪಾಗದೆ ಇರುತ್ತದೆಯೇ? ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯಸ್, ಬುಟ್ಟಿಯ ಹಾಗೆ ದುಂಡಗಿರುವ, ಒಳಗೆ ಬೆತ್ತ, ಹೊರಗೆ ತೊಗಲು ಇರುವ ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಬರೆದಿದ್ದಾನೆ. ಮಾಡುವ ಬಗೆ ಎರಡಕ್ಕೂ ಒಂದೇ. ಆದರೂ ಹರಿಗೋಲು ಹೊಳೆಯದು, ದುಂಡಗಿನದು, ಒಬ್ಬ ಅಂಬಿಗ ಒಂದು ಹುಟ್ಟು ಹಿಡಿದು ದಾಟಿಸುವಂಥದ್ದು. ಕರಖ್ ಉದ್ದ, ಮೂತಿ ಮೇಲಕ್ಕೆ ಎತ್ತಿರುತ್ತದೆ, ಅಟ್ಲಾಂಟಿಕ್ ಅಲೆ ಹತ್ತಿ ಇಳಿಯಬೇಕು. ಇನ್ನೊಂದು ತೊಡಕೂ ಇದೆ. ಹರಿಗೋಲು ಅಂದರೆ ನಮ್ಮ ಕಿವಿಗೆ ಪುರಂದರದಾಸರು ಕೇಳಿಸುತ್ತಾರೆ. ಆ ಹರಿಗೋಲಿಗೆ ಒಂಬತ್ತು ತೂತು, ದಾಟಬೇಕಾದ್ದು ಸಂಸಾರ. ಆಕಿಲ್‌ನ ಮೀನುಗಾರನ ಹೊಟ್ಟೆಪಾಡಿನ ಚಿತ್ರಕ್ಕೆ ಈ ಭಾರ ಬೇಡ.

‘ತೊಗಲುದೋಣಿ’ ಅಂತ ಕಟ್ಟಿಯೂ ನೋಡಿದೆ. ಕೇಳಲು ಚೆನ್ನಾಗಿದೆ, ತೊಗಲುಗೊಂಬೆಯ ಹಾಗೆ. ಆದರೆ 1910ರ ಹೊತ್ತಿಗೆ ಬಳಕೆಯಲ್ಲಿದ್ದದ್ದು ಕ್ಯಾನ್ವಾಸ್. ಹಾಗಾಗಿ ಅದು ಸುಳ್ಳಾಗುತ್ತದೆ. ಕೊನೆಗೆ ‘ಕರಖ್ ದೋಣಿ’ ಅಂತಲೇ ಇಡೋಣ ಎಂದುಕೊಂಡಿದ್ದೇನೆ. ಹೆಸರು ಅವರದೇ ಇರಲಿ, ಅದು ಏನು ಅನ್ನುವುದನ್ನು ‘ದೋಣಿ’ ಹೇಳುತ್ತದೆ.

ನಿಜವಾಗಿ ಕಾಡುತ್ತಿರುವುದು ಕ್ರಿಯಾಪದ. ‘ನೀರಿಗಿಳಿಸುವುದು’ ಅಂದರೆ ಪತ್ರಿಕೆಯಲ್ಲಿ ಹೊಸ ಹಡಗಿನ ಸುದ್ದಿ ಓದಿದ ಹಾಗಿದೆ. ಹಡಗನ್ನು ಹಾಗೆ ಇಳಿಸುವುದು ಒಂದೇ ಸಲ, ಅದೂ ಹೂವು, ತೆಂಗಿನಕಾಯಿ ಸಮೇತ. ಇಲ್ಲಿರುವುದು ದಿನದ ಕೆಲಸ. ‘ನೂಕುವುದು’ ಅಂದರೆ ಕೆಟ್ಟು ನಿಂತ ಕಾರು ಕಣ್ಣಿಗೆ ಬರುತ್ತದೆ. ‘ದೂಡುವುದು’ ಸ್ವಲ್ಪ ಹತ್ತಿರ. ಮೈ ಕೊಟ್ಟು ಮಾಡುವ ಕೆಲಸ ಅನ್ನುವುದು ಅದರಲ್ಲಿ ಬರುತ್ತದೆ.

ನಾನು ಬಯಲುಸೀಮೆಯವಳು, ಈ ಮಾತು ನನ್ನ ಬಾಯಲ್ಲಿ ಬೆಳೆದದ್ದಲ್ಲ. ಗಂಗೊಳ್ಳಿ, ಮರವಂತೆ, ಹೊನ್ನಾವರದ ಕಡೆಯವರು ದಯವಿಟ್ಟು ಹೇಳಿ. ಬೆಳಗಿನ ಜಾವ ಮರಳ ಮೇಲಿರುವ ದೋಣಿಯನ್ನು ನಾಲ್ಕೈದು ಜನ ಸೇರಿ ಅಲೆಯೊಳಕ್ಕೆ ಒಯ್ಯುವಾಗ ನಿಮ್ಮ ಮನೆಯಲ್ಲಿ ಆ ಕೆಲಸಕ್ಕೆ ಏನನ್ನುತ್ತಾರೆ? ವಾಪಸ್ ಬಂದ ಮೇಲೆ ದಡಕ್ಕೆ ಹತ್ತಿಸುವುದಕ್ಕೆ ಬೇರೆ ಮಾತು ಇದೆಯೇ?